ಚಕ್ರ ಎಸೆಯುವವನ ಮುಖ ಯಾವ ಕಡೆಗಿರಬೇಕು? ರೋಮನ್ ಅಮೃತಶಿಲೆ ಮತ್ತು ಗ್ರೀಕ್ ಕಂಚಿನ ಬಗ್ಗೆ ಒಂದು ಪ್ರಶ್ನೆ

ಸಂಜೆ_ಓದು:
ಮೈರನ್ ಎಂಬ ಗ್ರೀಕ್ ಶಿಲ್ಪಿಯ ‘ಡಿಸ್ಕೊಬೊಲಸ್’, ಅಂದರೆ ಚಕ್ರ ಎಸೆಯುವವನು, ಇಲ್ಲಿ ಯಾರಿಗೂ ಹೊಸಬನಲ್ಲ. ಒಲಿಂಪಿಕ್ಸ್ ಬಂದಾಗಲೆಲ್ಲ ಯಾವುದಾದರೂ ಪತ್ರಿಕೆ ಅವನ ಚಿತ್ರ ಹಾಕುತ್ತದೆ. ನನ್ನ ಪ್ರಶ್ನೆ ಅವನ ಕುತ್ತಿಗೆಯ ಬಗ್ಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಪ್ರತಿಮೆ ನೆಲ ನೋಡುತ್ತಿದೆ. ರೋಮಿನ ಪಲಾಜೊ ಮಾಸ್ಸಿಮೊದಲ್ಲಿರುವುದು ಹಿಂದಕ್ಕೆ ತಿರುಗಿ ತನ್ನ ಕೈಯ ಚಕ್ರವನ್ನೇ ನೋಡುತ್ತಿದೆ. ಮೈಯ ಬಾಗು, ಮಂಡಿಯ ಮಡಿಕೆ, ತೋಳಿನ ಬೀಸು ಎಲ್ಲವೂ ಒಂದೇ. ಮುಖ ಮಾತ್ರ ಬೇರೆ. ಎರಡನ್ನೂ ಕ್ರಿ.ಪೂ. 5ನೆಯ ಶತಮಾನದ ಕಂಚಿನ ಮೂಲದಿಂದ ರೋಮನ್ನರು ಮಾಡಿದ ಪ್ರತಿ ಎಂದೇ ಕರೆಯುತ್ತಾರೆ. ಯಾವುದು ಸರಿ? ಮೂಲವೇ ಉಳಿದಿಲ್ಲ ಎಂದ ಮೇಲೆ ಸರಿ ತಪ್ಪು ಹೇಳುವುದು ಯಾವ ಆಧಾರದ ಮೇಲೆ?

ಕಲ್ಲು_ಕಂಚು:
ರೋಮಿನದು ಸರಿ. ಲಂಡನ್ನಿನ ತಲೆ ಆ ದೇಹದ್ದಲ್ಲ.

ಕ್ರಿ.ಶ. 2ನೆಯ ಶತಮಾನದಲ್ಲಿ ಲೂಸಿಯನ್ ಎಂಬ ವ್ಯಂಗ್ಯಬರಹಗಾರನಿದ್ದ. ಅವನ ಒಂದು ಸಂಭಾಷಣೆಯಲ್ಲಿ ಶ್ರೀಮಂತನೊಬ್ಬನ ಅಂಗಳದ ಪ್ರತಿಮೆಗಳ ಮಾತು ಬರುತ್ತದೆ. ಅಲ್ಲಿ ಮೈರನ್‌ನ ಚಕ್ರ ಎಸೆಯುವವನನ್ನು ಹೆಸರು ಹಿಡಿದು ವರ್ಣಿಸಿದ್ದಾನೆ: ಎಸೆಯಲು ಬಾಗಿದ್ದಾನೆ, ಚಕ್ರ ಹಿಡಿದ ಕೈಯತ್ತ ಹಿಂದಿರುಗಿ ನೋಡುತ್ತಿದ್ದಾನೆ, ಒಂದು ಕಾಲನ್ನು ಕೊಂಚ ಮಡಿಸಿದ್ದಾನೆ, ಎಸೆತದ ಜೊತೆಗೇ ಮೇಲೇಳುವವನಂತಿದ್ದಾನೆ. 1781ರಲ್ಲಿ ರೋಮಿನ ಎಸ್ಕ್ವಿಲಿನ್ ಗುಡ್ಡದ ವಿಲ್ಲಾ ಪಲೊಂಬಾರಾದಲ್ಲಿ ಸಿಕ್ಕ ಪ್ರತಿಮೆ ಈ ಮಾತಿಗೆ ಅಕ್ಷರಶಃ ಹೊಂದಿಕೊಂಡಿತು. ಅದೇ ಈಗ ಪಲಾಜೊ ಮಾಸ್ಸಿಮೊದಲ್ಲಿದೆ.

ಲಂಡನ್ನಿನದು ಸಿಕ್ಕಿದ್ದು ಹತ್ತು ವರ್ಷದ ನಂತರ, 1791ರಲ್ಲಿ, ತಿವೊಲಿಯ ಹೇಡ್ರಿಯನ್ ಚಕ್ರವರ್ತಿಯ ವಿಲ್ಲಾದಲ್ಲಿ. ಅದನ್ನು ಮಾರಿದವನು ರೋಮಿನಲ್ಲಿ ನೆಲೆಸಿದ್ದ ಇಂಗ್ಲಿಷ್ ವ್ಯಾಪಾರಿ ಥಾಮಸ್ ಜೆಂಕಿನ್ಸ್, ಕೊಂಡವನು ಚಾರ್ಲ್ಸ್ ಟೌನ್ಲಿ. ದುರಸ್ತಿ ಮಾಡಿದವರು ಅದಕ್ಕೆ ಪ್ರಾಚೀನವೇ ಆದ, ಆದರೆ ಬೇರೆ ಯಾವುದೋ ಪ್ರತಿಮೆಯ ತಲೆಯನ್ನು ಕೂರಿಸಿದ್ದರು, ಅದೂ ತಪ್ಪು ದಿಕ್ಕಿಗೆ. ಸರಿಯಾದ ಮಾದರಿ ರೋಮಿನಲ್ಲೇ ಕಣ್ಣೆದುರಿಗಿತ್ತು. ಆದರೂ ತಲೆ ತಿರುಗಲಿಲ್ಲ. ತಲೆಯಿಲ್ಲದ ಪ್ರತಿಮೆಗೆ ಅಷ್ಟು ಬೆಲೆ ಬರುವುದಿಲ್ಲ ಎಂಬುದು ಆ ಕಾಲದ ವ್ಯಾಪಾರಿಗಳಿಗೆಲ್ಲ ಗೊತ್ತಿತ್ತು. ಟೌನ್ಲಿ ತೀರಿಕೊಂಡ ಮೇಲೆ, 1805ರಲ್ಲಿ, ಅದು ಬ್ರಿಟಿಷ್ ಮ್ಯೂಸಿಯಂಗೆ ಸೇರಿತು.

ರೋಮಿನ ಪ್ರತಿಮೆಗೂ ಒಂದು ವನವಾಸದ ಕಥೆಯಿದೆ. 1938ರಲ್ಲಿ ಹಿಟ್ಲರ್ ಅದನ್ನು 50 ಲಕ್ಷ ಲಿರಾ ಕೊಟ್ಟು ಕೊಂಡು ಮ್ಯೂನಿಕ್‌ನಲ್ಲಿ ಪ್ರದರ್ಶನಕ್ಕಿಟ್ಟ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಇಟಲಿಗೆ ಹಿಂತಿರುಗಿತು.

ಲೆಕ್ಕದ_ಮೇಷ್ಟ್ರು:
ಅಂದರೆ ವ್ಯಂಗ್ಯಬರಹಗಾರನೊಬ್ಬನ ಒಂದು ವಾಕ್ಯ, ಅದಕ್ಕೆ ಹೊಂದುವ ಒಂದು ಕಲ್ಲು. ಇಷ್ಟರ ಮೇಲೆ ಮೈರನ್‌ನ ಪ್ರತಿಭೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ! ಮೈರನ್ ಬದುಕಿದ್ದಕ್ಕೂ ಲೂಸಿಯನ್ ಬರೆದದ್ದಕ್ಕೂ ನಡುವೆ ಆರು ಶತಮಾನ ಇದೆ. ಪ್ರತಿ ಮಾಡಿದವನು ತನಗೆ ಬೇಕಾದಂತೆ ತಿದ್ದಿಲ್ಲ ಎಂದು ಹೇಗೆ ನಂಬುವುದು? ನನಗೆ ಇದು ಉತ್ತರ ಮೊದಲೇ ಬರೆದಿಟ್ಟುಕೊಂಡು ಲೆಕ್ಕ ಮಾಡಿದ ಹಾಗೆ ಕಾಣುತ್ತದೆ.

ಕಲ್ಲು_ಕಂಚು:
ಮೇಷ್ಟ್ರೇ, ಅನುಮಾನ ಸರಿಯಾದದ್ದೇ. ಆದರೆ ಒಂದು ಕಲ್ಲಲ್ಲ. ಇದೇ ಭಂಗಿಯ ಇನ್ನೊಂದು ಪ್ರತಿಮೆ 1906ರಲ್ಲಿ ಕಾಸ್ಟೆಲ್ ಪೊರ್ಜಿಯಾನೊದಲ್ಲಿ ತುಂಡಾಗಿ ಸಿಕ್ಕಿತು, ವ್ಯಾಟಿಕನ್‌ನಲ್ಲಿ ಮತ್ತೊಂದಿದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳು ಕಡೆದ ಪ್ರತಿಮೆಗಳು ಅಳತೆಯಲ್ಲೂ ಭಂಗಿಯಲ್ಲೂ ಇಷ್ಟೊಂದು ಕೂಡಿಬರಬೇಕಾದರೆ ಅವೆಲ್ಲದರ ಹಿಂದೆ ಒಂದೇ ಮಾದರಿ ಇರಲೇಬೇಕು. ಹೀಗೆ ಪ್ರತಿಗಳನ್ನು ಸಾಲಾಗಿ ಇಟ್ಟು, ಸಾಮ್ಯಗಳನ್ನು ಉಳಿಸಿಕೊಂಡು, ವ್ಯತ್ಯಾಸಗಳನ್ನು ಜರಡಿ ಹಿಡಿದು ಮೂಲವನ್ನು ಊಹಿಸುವ ವಿಧಾನವನ್ನು 19ನೆಯ ಶತಮಾನದ ಜರ್ಮನ್ ವಿದ್ವಾಂಸರು ಬೆಳೆಸಿದರು. ಅಡಾಲ್ಫ್ ಫುರ್ಟ್‌ವೆಂಗ್ಲರ್ 1893ರಲ್ಲಿ ಪ್ರಕಟಿಸಿದ ಗ್ರಂಥ ಆ ವಿಧಾನದ ಶಿಖರ. ನಮ್ಮ ಹಳಗನ್ನಡ ಕಾವ್ಯಗಳ ಓಲೆಗರಿ ಪ್ರತಿಗಳಿಂದ ಶುದ್ಧಪಾಠ ಸಿದ್ಧಪಡಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಬಗೆಯ ಕೆಲಸ.

ಈ ವಿಧಾನದ ದೋಷ ಬೇರೆ ಕಡೆ ಇದೆ. ಎದುರಿಗೆ ನಿಂತ ರೋಮನ್ ಕಲ್ಲನ್ನು ಗಾಜಿನ ಕಿಟಕಿ ಎಂದುಕೊಂಡು ಅದರ ಆಚೆಗೆ ಇಣುಕುವುದೇ ಅಭ್ಯಾಸವಾಯಿತು. ಆ ಕಲ್ಲನ್ನು ಯಾರು ಕಡೆದರು, ಯಾರು ಹಣ ಕೊಟ್ಟರು, ಎಲ್ಲಿ ನಿಲ್ಲಿಸಿದರು ಎಂದು ಎಷ್ಟೋ ದಶಕ ಯಾರೂ ಗಂಭೀರವಾಗಿ ಕೇಳಲಿಲ್ಲ. ನನ್ನ ತಕರಾರು ಇದೊಂದೇ.

ತುಂಗಾತೀರ:
ಮೂಲ ಮತ್ತು ಪ್ರತಿ ಎರಡೂ ಉಳಿದಿರುವ ಪ್ರಕರಣ ಒಂದಿದೆ, ಮೇಷ್ಟ್ರಿಗೆ ಅದು ಇಷ್ಟವಾಗಬಹುದು. ಅಥೆನ್ಸ್‌ನ ಎರೆಕ್ಥಿಯಾನ್ ದೇವಾಲಯದ ಮಂಟಪವನ್ನು ತಲೆಯ ಮೇಲೆ ಹೊತ್ತ ಆರು ಹೆಂಗಸರು, ಕ್ಯಾರಿಯಾಟಿಡ್‌ಗಳು. ಐವರು ಈಗ ಅಥೆನ್ಸ್‌ನ ಅಕ್ರೊಪೊಲಿಸ್ ಮ್ಯೂಸಿಯಂನಲ್ಲಿದ್ದಾರೆ, ಬ್ರಿಟಿಷ್ ರಾಯಭಾರಿ ಎಲ್ಗಿನ್ ಸಾಗಿಸಿದ ಒಬ್ಬಳು ಲಂಡನ್ನಿನಲ್ಲಿದ್ದಾಳೆ. ಅಗಸ್ಟಸ್ ಚಕ್ರವರ್ತಿ ಕ್ರಿ.ಪೂ. 2ರಲ್ಲಿ ರೋಮಿನಲ್ಲಿ ಉದ್ಘಾಟಿಸಿದ ತನ್ನ ಚೌಕಕ್ಕೆ ಇವರ ಪ್ರತಿಗಳನ್ನು ಮಾಡಿಸಿದ. ಹೇಡ್ರಿಯನ್ ತನ್ನ ವಿಲ್ಲಾದ ಕೊಳದ ದಂಡೆಗೂ ಮಾಡಿಸಿದ. ಅಥೆನ್ಸ್‌ನ ಮೂಲಗಳ ಮುಂಗೈಗಳು ಎಂದೋ ಮುರಿದುಹೋಗಿದ್ದವು. ಕೈಯಲ್ಲಿ ಏನಿತ್ತು ಎಂಬುದು ಒಗಟಾಗಿತ್ತು. 1950ರ ದಶಕದಲ್ಲಿ ತಿವೊಲಿಯ ಕೊಳದಿಂದ ಪ್ರತಿಗಳನ್ನು ಮೇಲೆತ್ತಿದಾಗ ಉತ್ತರ ಸಿಕ್ಕಿತು: ದೇವರಿಗೆ ತರ್ಪಣ ಬಿಡುವ ಅಗಲವಾದ ಬಟ್ಟಲು. ಮೂಲ ಕಳೆದುಕೊಂಡದ್ದನ್ನು ಪ್ರತಿ ಕಾಪಾಡಿಕೊಂಡಿತ್ತು.

ಲೆಕ್ಕದ_ಮೇಷ್ಟ್ರು:
ಇದು ಪುರಾವೆ. ಒಪ್ಪಿದೆ. ಆದರೆ ಕ್ಯಾರಿಯಾಟಿಡ್‌ಗಳು ಮೊದಲಿಗೇ ಅಮೃತಶಿಲೆ. ಕಲ್ಲಿನಿಂದ ಕಲ್ಲಿಗೆ ಇಳಿಸಿದ್ದಾರೆ. ಕಂಚು ಅಥೆನ್ಸ್‌ನಲ್ಲಿ, ಕಲ್ಲು ಕಡೆಯುವವನು ಇಟಲಿಯಲ್ಲಿ. ಅಳತೆ ಸಮುದ್ರ ದಾಟಿದ್ದು ಹೇಗೆ?

ಎರಕದ_ಕೆಲಸ:
ಇದು ನನ್ನ ಕಸುಬಿನ ವಿಷಯ, ಆದ್ದರಿಂದ ನಾನು ಹೇಳುತ್ತೇನೆ. ಅಚ್ಚು. ಕಂಚಿನ ಪ್ರತಿಮೆಯ ಮೇಲೆ ಭಾಗ ಭಾಗವಾಗಿ ಅಚ್ಚು ತೆಗೆದು, ಅದರೊಳಗೆ ಜಿಪ್ಸಂ ಪ್ಲಾಸ್ಟರ್ ಸುರಿದು ಪಡಿಯಚ್ಚು ಮಾಡಿಕೊಳ್ಳುತ್ತಿದ್ದರು. ಪ್ಲಾಸ್ಟರ್ ತುಂಡುಗಳು ಹಡಗಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ಲೂಸಿಯನ್‌ನೇ ಇನ್ನೊಂದು ಕಡೆ ತಮಾಷೆ ಮಾಡುತ್ತಾನೆ: ಅಥೆನ್ಸ್‌ನ ಮಾರುಕಟ್ಟೆ ಚೌಕದಲ್ಲಿದ್ದ ಕಂಚಿನ ಹರ್ಮಿಸ್ ದೇವರಿಗೆ ದಿನವೂ ಶಿಲ್ಪಿಗಳು ಅಚ್ಚು ತೆಗೆಯಲು ರಾಳ ಬಳಿದು ಬಳಿದು ಮೈಯೆಲ್ಲ ಅಂಟಂಟಾಗಿತ್ತಂತೆ.

ಇದು ಬರೀ ತಮಾಷೆಯಲ್ಲ ಎಂದು ತೋರಿಸಿದ್ದು ಬಾಯಿಯಾ. ನೇಪಲ್ಸ್ ಹತ್ತಿರದ ಈ ಊರು ರೋಮನ್ ಸಿರಿವಂತರ ವಿಹಾರಸ್ಥಳ. 1954ರಲ್ಲಿ ಅಲ್ಲಿನ ಸ್ನಾನಗೃಹಗಳ ಅವಶೇಷಗಳ ನಡುವೆ ನೂರಾರು ಪ್ಲಾಸ್ಟರ್ ಚೂರುಗಳು ಸಿಕ್ಕವು. ಯಾವುದೋ ಶಿಲ್ಪಶಾಲೆಯ ಕಸದ ರಾಶಿ. ಅವುಗಳಲ್ಲಿ ಒಂದು ಮುಖದ ಚೂರು ಅರಿಸ್ಟೊಗೈಟನ್‌ನದು. ಅಥೆನ್ಸ್‌ನ ‘ಸರ್ವಾಧಿಕಾರಿಯನ್ನು ಕೊಂದವರು’ ಎಂಬ ಜೋಡಿ ಪ್ರತಿಮೆಯಲ್ಲಿ ಗಡ್ಡದವನು. ಕ್ರಿಟಿಯಸ್ ಮತ್ತು ನೆಸಿಯೊಟಿಸ್ ಎಂಬ ಶಿಲ್ಪಿಗಳು ಕ್ರಿ.ಪೂ. 477ರ ಸುಮಾರಿಗೆ ಎರಕ ಹೊಯ್ದದ್ದು. ಕಂಚು ಹೋಯಿತು. ಆದರೆ ಕಂಚಿನ ಮೈಯನ್ನು ನೇರವಾಗಿ ಮುಟ್ಟಿದ ಅಚ್ಚಿನೊಳಗೆ ಸುರಿದ ಪ್ಲಾಸ್ಟರ್ ನಮ್ಮ ಕೈಯಲ್ಲಿದೆ. ಮೇಷ್ಟ್ರೇ, ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಆ ಪಡಿಯಚ್ಚಿನ ಮೇಲೆ ಗುರುತು ಹಾಕಿಕೊಂಡು, ಕೈವಾರ ಮತ್ತು ತೂಗುಗುಂಡಿನಿಂದ ಅಳೆದು, ಕಲ್ಲಿನಲ್ಲಿ ಅಷ್ಟಷ್ಟೇ ಆಳಕ್ಕೆ ಇಳಿಯುತ್ತಾ ಹೋಗುತ್ತಿದ್ದರು. ಅಳತೆಯ ಗುರುತಿಗೆಂದು ಬಿಟ್ಟ ಪುಟ್ಟ ಗುಬುಟುಗಳು ಅರೆಬರೆ ಕಡೆದ ಕೆಲವು ಪ್ರತಿಮೆಗಳ ಮೇಲೆ ಈಗಲೂ ಇವೆ. ಗುರುತುಗಳ ನಡುವಿನ ಜಾಗ ಮಾತ್ರ ಕಡೆಯುವವನ ಕೈಗೇ ಬಿಟ್ಟದ್ದು. ಅದಕ್ಕೇ ಎತ್ತರ, ಭುಜದ ಅಗಲ ಕೂಡಿಬರುತ್ತವೆ, ಗುಂಗುರು ಕೂದಲು ಕೂಡಿಬರುವುದಿಲ್ಲ.

ಹೊಸಬ_ಹಾಸನ:
ಒಂದು ಸಣ್ಣ ಸಂದೇಹ. ಎಲ್ಲ ರೋಮನ್ ಪ್ರತಿಮೆಗಳ ಕಾಲಿನ ಹಿಂದೆ ಮರದ ಬೊಡ್ಡೆ ಏಕಿದೆ? ಓಟಗಾರನ ಹಿಂದೆ, ದೇವರ ಹಿಂದೆ, ಈಟಿ ಹಿಡಿದವನ ಹಿಂದೆ, ಎಲ್ಲರ ಹಿಂದೆಯೂ!

ಎರಕದ_ಕೆಲಸ:
ಕಂಚಿನ ಪ್ರತಿಮೆ ಒಳಗೆ ಟೊಳ್ಳು. ಮೇಣದ ಪದರ ಕರಗಿಸಿ ಹೊಯ್ದ ಎರಕದ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಎಳೆತವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಪಾದದೊಳಗೆ ಸೀಸ ಹೊಯ್ದು ಪೀಠಕ್ಕೆ ಕಚ್ಚಿಸಿದರೆ ಎರಡು ಕಣಕಾಲುಗಳ ಮೇಲೆ ಇಡೀ ದೇಹ ನಿಲ್ಲುತ್ತದೆ, ಕೈ ಎಷ್ಟು ಬೇಕಾದರೂ ಚಾಚಬಹುದು. ಅಮೃತಶಿಲೆ ಗಟ್ಟಿ ಕಲ್ಲು, ಒಂದು ಘನ ಮೀಟರಿಗೆ 2.7 ಟನ್ ತೂಕ. ಮೇಲಿನಿಂದ ಒತ್ತಿದರೆ ಜಗ್ಗದು. ಆದರೆ ಬಾಗುವ ಒತ್ತಡಕ್ಕೆ, ಎಳೆತಕ್ಕೆ ಸುಲಭವಾಗಿ ಸೀಳುತ್ತದೆ, ಮೊದಲು ಕಣಕಾಲಿನಲ್ಲಿ. ಆದ್ದರಿಂದ ಕಾಲಿಗೆ ಬೊಡ್ಡೆ, ಮಣಿಕಟ್ಟಿಗೂ ತೊಡೆಗೂ ನಡುವೆ ಒಂದು ಅಡ್ಡಪಟ್ಟಿ. ಗ್ರೀಕ್ ಶಿಲ್ಪಿ ಪಾಲಿಕ್ಲಿಟಸ್‌ನ ಕಂಚಿನ ಈಟಿಗಾರನ ಅಮೃತಶಿಲೆಯ ಪ್ರತಿ ನೇಪಲ್ಸ್‌ನಲ್ಲಿದೆ, ಅದನ್ನು ನೋಡಿ, ಎರಡೂ ಇವೆ.

ಕಲ್ಲು_ಕಂಚು:
ಆ ಬೊಡ್ಡೆಯನ್ನು ಊರುಗೋಲು ಎಂದು ಮಾತ್ರ ನೋಡಬೇಡಿ. ಮೂಲದಲ್ಲಿ ಇಲ್ಲದ ಜಾಗ ಅದು, ಆದ್ದರಿಂದ ಕಡೆಯುವವನು ಅಲ್ಲಿ ಸ್ವತಂತ್ರ. ವ್ಯಾಟಿಕನ್‌ನ ಅಪೊಲೊ ಬೆಲ್ವೆಡೆರ್‌ನಲ್ಲಿ ಬೊಡ್ಡೆಗೆ ಹಾವು ಸುತ್ತಿದೆ; ಪೈಥಾನ್ ಎಂಬ ಮಹಾಸರ್ಪವನ್ನು ಕೊಂದ ದೇವರಿಗೆ ತಕ್ಕ ಆಧಾರ. ಎಷ್ಟೋ ಜನ ಆ ಶಿಲ್ಪದ ಮುಖ ನೋಡಿ ಬರೆದಿದ್ದಾರೆ. ನಾನಾದರೆ ಬೊಡ್ಡೆಯ ಹತ್ತಿರ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೇಷ್ಟ್ರು ಮೊದಲೇ ಕೇಳಬಹುದಾಗಿದ್ದ ಪ್ರಶ್ನೆ: ಕಂಚು ಎಲ್ಲಿ ಹೋಯಿತು? ಕರಗಿಸಿದರು. ಕಂಚು ಯಾವ ಕಾಲದಲ್ಲೂ ಕಾಸು. ಉಳಿದ ದೊಡ್ಡ ಕಂಚುಗಳಲ್ಲಿ ಹೆಚ್ಚಿನವು ಸಮುದ್ರದ ತಳದಿಂದ ಬಂದವು: 1900ರಲ್ಲಿ ಸ್ಪಂಜು ಹೆಕ್ಕುವ ಮುಳುಗುಗಾರರ ಕಣ್ಣಿಗೆ ಬಿದ್ದ, ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗು, 1972ರಲ್ಲಿ ದಕ್ಷಿಣ ಇಟಲಿಯ ರಿಯಾಚೆ ಕರಾವಳಿಯಲ್ಲಿ ಸಿಕ್ಕ ಇಬ್ಬರು ಯೋಧರು. ಅಮೃತಶಿಲೆಗೂ ಅದರದೇ ಸಾವಿತ್ತು: ಮಧ್ಯಯುಗದ ರೋಮಿನಲ್ಲಿ ಎಷ್ಟೋ ಪ್ರತಿಮೆಗಳು ಸುಣ್ಣದ ಗೂಡಿನಲ್ಲಿ ಬೆಂದು ಗಾರೆಯಾದವು.

ಲೆಕ್ಕದ_ಮೇಷ್ಟ್ರು:
ಹಾಗಾದರೆ ರೋಮನ್ನರದು ಏನು ಉಳಿಯಿತು? ಗ್ರೀಕರು ಯೋಚಿಸಿದರು, ರೋಮನ್ನರು ದೋಚಿ ನಕಲು ಮಾಡಿದರು. ಕ್ರಿ.ಪೂ. 146ರಲ್ಲಿ ಕೊರಿಂತ್ ಸುಟ್ಟ ಸೇನಾಪತಿ ಮುಮ್ಮಿಯಸ್, ಕಲಾಕೃತಿಗಳನ್ನು ಸಾಗಿಸುವ ಗುತ್ತಿಗೆದಾರರಿಗೆ, ಕಳೆದರೆ ಅದರ ಬದಲಿಗೆ ಹೊಸದು ತಂದುಕೊಡಬೇಕು ಎಂದು ಎಚ್ಚರಿಸಿದ್ದನಂತೆ. ಮಡಕೆ ಒಡೆದರೆ ಇನ್ನೊಂದು ಮಡಕೆ! ಇಂಥವರ ಅಭಿರುಚಿಯನ್ನು ನಾವು ಗೌರವಿಸಬೇಕೆ?

ತುಂಗಾತೀರ:
ಮುಮ್ಮಿಯಸ್‌ನ ಕಥೆಯನ್ನು ಹೇಳಿ ನಕ್ಕವರೂ ರೋಮನ್ನರೇ. ನೂರು ವರ್ಷದೊಳಗೆ ರೋಮಿನ ಕಣ್ಣು ಎಷ್ಟು ಪಳಗಿತ್ತು ಎನ್ನುವುದಕ್ಕೆ ರೋಮನ್ ವಾಗ್ಮಿ ಸಿಸೆರೊನ ಪತ್ರಗಳನ್ನು ಓದಿ. ಟಸ್ಕುಲಮ್‌ನ ತನ್ನ ಮನೆಗೆ ಪ್ರತಿಮೆ ಕಳುಹಿಸು ಎಂದು ಅಥೆನ್ಸ್‌ನಲ್ಲಿದ್ದ ಗೆಳೆಯ ಆಟಿಕಸ್‌ನನ್ನು ಕಾಡುತ್ತಾನೆ. ಮೆಗಾರಾದಿಂದ ತರಿಸಿದ ಪ್ರತಿಮೆಗಳಿಗೆ 20,400 ಸೆಸ್ಟರ್ಸ್ ಕೊಟ್ಟ ಲೆಕ್ಕವೂ ಪತ್ರದಲ್ಲಿದೆ. ಅವನು ಕೇಳುವುದು ಇಂಥ ಶಿಲ್ಪಿಯದು ಎಂದಲ್ಲ, ವ್ಯಾಯಾಮಶಾಲೆಗೆ ಒಪ್ಪುವಂಥದ್ದು ಎಂದು. ಇನ್ನೊಮ್ಮೆ ಬೇರೊಬ್ಬ ಗೆಳೆಯ ಅವನಿಗಾಗಿ ಬ್ಯಾಕಸ್ ದೇವರ ಉನ್ಮತ್ತ ಸ್ತ್ರೀಯರ ಪ್ರತಿಮೆಗಳನ್ನು ಕೊಂಡಾಗ ಸಿಡಿಮಿಡಿಗೊಂಡು ಬರೆಯುತ್ತಾನೆ: ಕಲಾದೇವತೆಗಳಾದ ಮ್ಯೂಸ್‌ಗಳಾಗಿದ್ದರೆ ಗ್ರಂಥಾಲಯಕ್ಕೆ ಸರಿಹೋಗುತ್ತಿದ್ದರು, ಇವರಿಗೆ ನನ್ನ ಮನೆಯಲ್ಲಿ ಜಾಗವೆಲ್ಲಿ? ಶಾಂತಿಯ ಪರ ನಿಂತ ನನಗೆ ಯುದ್ಧದೇವತೆ ಮಾರ್ಸ್ ಏಕೆ?

ಮನೆಗೆ, ಕೋಣೆಗೆ, ಯಜಮಾನನ ಪ್ರತಿಷ್ಠೆಗೆ ಹೊಂದುವುದು ಮುಖ್ಯ. ಅದಕ್ಕೆ ಬೇಕಾದಂತೆ ಗ್ರೀಕ್ ಮಾದರಿಯನ್ನು ಕತ್ತರಿಸಿದರು, ಕೂಡಿಸಿದರು. ಹರ್ಕ್ಯುಲೇನಿಯಮ್‌ನ ಒಂದು ವಿಲ್ಲಾದಲ್ಲಿ ಸಿಕ್ಕದ್ದು ಈಟಿಗಾರನ ತಲೆ ಮತ್ತು ಎದೆ ಮಾತ್ರ, ಕಂಚಿನಲ್ಲಿ. ಅಥೆನ್ಸ್‌ನ ಅಪೊಲೊನಿಯಸ್ ಎಂಬ ಶಿಲ್ಪಿ ಅದಕ್ಕೆ ತನ್ನ ಹೆಸರು ಹಾಕಿದ್ದಾನೆ. ಡೆಲೊಸ್ ದ್ವೀಪದ ಒಂದು ಮನೆಯಲ್ಲಿ ಸಿಕ್ಕ ಪ್ರತಿಮೆ ಇನ್ನೂ ಸ್ವಾರಸ್ಯ: ಕೆಳಗೆ ಯುವ ಕ್ರೀಡಾಪಟುವಿನ ಬೆತ್ತಲೆ ದೇಹ, ಮೇಲೆ ಬಕ್ಕತಲೆಯ, ಹೊರಚಾಚಿದ ಕಿವಿಯ ನಡುವಯಸ್ಸಿನ ಮನುಷ್ಯನ ಮುಖ. ನಮಗೆ ನಗು ಬರುತ್ತದೆ. ಮಾಡಿಸಿದವನಿಗೆ ಬಂದಿರಲಾರದು.

ಕಲ್ಲು_ಕಂಚು:
ತುಂಗಾತೀರ ಅವರ ಮಾತಿಗೆ ಒಂದೆರಡು ಸೇರಿಸುತ್ತೇನೆ. 1863ರಲ್ಲಿ ರೋಮಿನ ಹೊರಗೆ ಪ್ರೀಮಾ ಪೋರ್ತಾದಲ್ಲಿ, ಅಗಸ್ಟಸ್‌ನ ಹೆಂಡತಿ ಲಿವಿಯಾಳ ವಿಲ್ಲಾದಲ್ಲಿ ಸಿಕ್ಕ ಅಗಸ್ಟಸ್ ಪ್ರತಿಮೆಯ ನಿಲುವು ಪಾಲಿಕ್ಲಿಟಸ್‌ನ ಈಟಿಗಾರನದು. ಭಾರ ಬಲಗಾಲಿನ ಮೇಲೆ, ಎಡಗಾಲು ಸಡಿಲ. ಆದರೆ ಬಲಗೈ ಸೈನ್ಯವನ್ನು ಉದ್ದೇಶಿಸಿ ಮೇಲೆದ್ದಿದೆ, ಬೆತ್ತಲೆ ಎದೆಯ ಜಾಗದಲ್ಲಿ ಕವಚ. ಆ ಕವಚದ ಮೇಲೆ ರೋಮಿನ ಪೂರ್ವದ ಶತ್ರುಗಳಾದ ಪಾರ್ಥಿಯನ್ನರು, ಯುದ್ಧದಲ್ಲಿ ಕಸಿದಿದ್ದ ರೋಮಿನ ಧ್ವಜಲಾಂಛನಗಳನ್ನು ಕ್ರಿ.ಪೂ. 20ರಲ್ಲಿ ಹಿಂತಿರುಗಿಸಿದ ದೃಶ್ಯ. ಇದನ್ನು ಈಟಿಗಾರನ ನಕಲು ಎನ್ನುತ್ತೀರಾ ಮೇಷ್ಟ್ರೇ? ನೋಡುಗ ಈಟಿಗಾರನನ್ನು ಗುರುತಿಸಬೇಕು, ಗುರುತಿಸಿದ ಮೇಲೆ ಅಗಸ್ಟಸ್‌ಗೆ ತಲೆಬಾಗಬೇಕು. ಇಂಥ ಲೆಕ್ಕಾಚಾರ ಪಾಲಿಕ್ಲಿಟಸ್‌ನ ಕಾಲದ್ದಲ್ಲ.

ನೇಪಲ್ಸ್‌ನ ಫರ್ನೇಸೆ ಹರ್ಕ್ಯುಲೀಸ್ ಇನ್ನೊಂದು. ಮಾದರಿ ಗ್ರೀಕ್ ಶಿಲ್ಪಿ ಲಿಸಿಪಸ್‌ನದು, ಕಲ್ಲಿನ ಮೇಲಿರುವ ಸಹಿ ಅಥೆನ್ಸ್‌ನ ಗ್ಲೈಕನ್‌ನದು. ಲಿಸಿಪಸ್ ಸತ್ತು ಐದು ಶತಮಾನದ ಮೇಲೆ, ಕ್ಯಾರಕಲ್ಲಾ ಚಕ್ರವರ್ತಿಯ ಬೃಹತ್ ಸ್ನಾನಗೃಹದ ಎತ್ತರದ ಕಮಾನುಗಳ ನಡುವೆ ಕಾಣಬೇಕೆಂದು ಮಾಂಸಖಂಡಗಳನ್ನು ಆ ಪರಿ ಉಬ್ಬಿಸಿದ್ದಾನೆ. ಮೂರು ಮೀಟರಿಗೂ ಹೆಚ್ಚು ಎತ್ತರ. ಮ್ಯೂಸಿಯಂನ ಕೋಣೆಯಲ್ಲಿ ಅದು ಅತಿಯಾಗಿ ಕಾಣುತ್ತದೆ, ಏಕೆಂದರೆ ಅದು ಕೋಣೆಗೆಂದು ಮಾಡಿದ್ದೇ ಅಲ್ಲ.

ಬೆಳಗಾವಿ_ಓದುಗ:
ಓದುತ್ತಾ ನೆನಪಾಯಿತು. ನಮ್ಮ ಪಕ್ಕದ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ಪ್ರತಿಮೆ ಸಿಕ್ಕಿತ್ತು. ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂನಲ್ಲಿದೆ. ಅದರ ಭಂಗಿಯ ಮೂಲವನ್ನೂ ಲಿಸಿಪಸ್‌ನವರೆಗೆ ಒಯ್ಯುತ್ತಾರೆ. ಅಮೃತಶಿಲೆಯಲ್ಲ, ಆದರೂ ಇದೇ ಕುಟುಂಬದ್ದು; ಸಾತವಾಹನರ ಕಾಲದ ವ್ಯಾಪಾರದ ಹಾದಿಯಲ್ಲಿ ಇಲ್ಲಿಗೆ ಬಂದದ್ದು. ಬೆಳಗಾವಿಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು.

ಹೊಸಬ_ಹಾಸನ:
ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನ ಮುಸುಕು ಹೊದ್ದ ರೆಬೆಕಾ ಕೂಡ ರೋಮನ್ ಪ್ರತಿಯೇ?

ತುಂಗಾತೀರ:
ಅಲ್ಲ. ಅದು 1876ರದು, ರೋಮಿನಲ್ಲಿ ಶಿಲ್ಪಶಾಲೆ ಇಟ್ಟುಕೊಂಡಿದ್ದ ಬೆಂಜೋನಿ ಎಂಬ ಇಟಾಲಿಯನ್ ಶಿಲ್ಪಿಯ ಕೆಲಸ. ಆದರೆ ನಿಮ್ಮ ಪ್ರಶ್ನೆ ಚರ್ಚೆಗೆ ಹೊರತಲ್ಲ: ಬೆಂಜೋನಿ ಗ್ರಾಹಕರು ಕೇಳಿದಂತೆ ಅದೇ ರೆಬೆಕಾಳನ್ನು ಮತ್ತೆ ಮತ್ತೆ ಮಾಡಿಕೊಟ್ಟಿದ್ದಾನೆ, ಅಮೆರಿಕದಲ್ಲೂ ಇದ್ದಾಳೆ. ಹೈದರಾಬಾದಿನಲ್ಲಿ ಸಾಲು ನಿಂತು ನೋಡುವವರು ಯಾರೂ ಇದು ಎಷ್ಟನೆಯದು ಎಂದು ಕೇಳುವುದಿಲ್ಲ.

ಸಂಜೆ_ಓದು:
ಇಷ್ಟೆಲ್ಲ ಓದಿದ ಮೇಲೆ ಬಣ್ಣದ ಬಗ್ಗೆ ಕೇಳಬೇಕೆನಿಸಿತು. ಇವೆಲ್ಲ ಹೀಗೆ ಹಾಲುಬಿಳಿಯಾಗಿಯೇ ಇದ್ದವೆ?

ಕಲ್ಲು_ಕಂಚು:
ಇಲ್ಲ. ತುಟಿ, ಕಣ್ಣು, ಕೂದಲು, ಬಟ್ಟೆಗೆ ಬಣ್ಣವಿತ್ತು. ಅಗಸ್ಟಸ್‌ನ ಕವಚದ ಮೇಲೆ ಅದರ ಕುರುಹು ಸಿಕ್ಕಿದೆ. ಮಣ್ಣಿನಲ್ಲಿ ಅಳಿದದ್ದು ಒಂದಷ್ಟು. ಅಗೆದು ತೆಗೆದವರು ಉಜ್ಜಿ ತೊಳೆದದ್ದು ಇನ್ನಷ್ಟು. 2003ರಲ್ಲಿ ಮ್ಯೂನಿಕ್‌ನಲ್ಲಿ ಬಣ್ಣ ಬಳಿದ ಮರುಸೃಷ್ಟಿಗಳ ಪ್ರದರ್ಶನ ನಡೆದಾಗ ಹಲವರು ಬೆಚ್ಚಿಬಿದ್ದರು. ಗುಡಿಯ ಗೋಪುರಗಳನ್ನು ನೋಡಿ ಬೆಳೆದ ನಮಗೆ ಬೆಚ್ಚಲು ಕಾರಣವಿಲ್ಲ.

ಲೆಕ್ಕದ_ಮೇಷ್ಟ್ರು:
ಕೊನೆಯ ಪ್ರಶ್ನೆ. ತಲೆ ತಪ್ಪು ಎಂದು ಗೊತ್ತಿದ್ದೂ ಲಂಡನ್ನಿನವರು ಏಕೆ ತೆಗೆಯುವುದಿಲ್ಲ? ಉತ್ತರಪತ್ರಿಕೆಯಲ್ಲಿ ತಪ್ಪು ಕಂಡರೆ ಅಡ್ಡಗೆರೆ ಹಾಕಬೇಕು.

ತುಂಗಾತೀರ:
ನಾನಾದರೆ ತೆಗೆಯುವುದಿಲ್ಲ. ಆ ತಲೆಯೂ ಪ್ರಾಚೀನ, ಆ ಜೋಡಣೆಗೂ ಈಗ ಇನ್ನೂರು ವರ್ಷ ದಾಟಿದೆ. 18ನೆಯ ಶತಮಾನದವರು ಪ್ರಾಚೀನತೆಯನ್ನು ಹೇಗೆ ಕೊಂಡು ಮಾರಿದರು ಎಂಬುದಕ್ಕೆ ಅದೇ ದಾಖಲೆ. ಪಕ್ಕದಲ್ಲಿ ಒಂದು ಫಲಕ ಸಾಕು.

ಕಲ್ಲು_ಕಂಚು:
ವ್ಯಾಟಿಕನ್ ಬೇರೆ ದಾರಿ ಹಿಡಿಯಿತು. ಹಾವುಗಳು ಸುತ್ತಿಕೊಂಡ, ಟ್ರಾಯ್ ನಗರದ ಪುರೋಹಿತ ಲಾವೊಕೊನ್ ಮತ್ತು ಅವನ ಮಕ್ಕಳ ಶಿಲ್ಪ 1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿತೋಟದಲ್ಲಿ ಸಿಕ್ಕಾಗ ಬಲಗೈ ಇರಲಿಲ್ಲ. ಮಾಂಟೊರ್ಸೊಲಿ ಎಂಬ ಶಿಲ್ಪಿ ಆಕಾಶಕ್ಕೆ ನೀಟಾಗಿ ಚಾಚಿದ ಕೈಯೊಂದನ್ನು ಸೇರಿಸಿದ. ಯೂರೋಪು ಆ ವೀರಾವೇಶದ ಕೈಯನ್ನೇ ನೋಡಿ ಬೆಳೆಯಿತು. 1906ರಲ್ಲಿ ಲುಡ್ವಿಗ್ ಪೊಲ್ಲಾಕ್ ಎಂಬ ಪುರಾತತ್ವಜ್ಞನಿಗೆ ರೋಮಿನ ಕಲ್ಲುಕುಟಿಗನ ಅಂಗಡಿಯೊಂದರಲ್ಲಿ ಹಿಂದಕ್ಕೆ ಮಡಿಚಿದ ಅಮೃತಶಿಲೆಯ ತೋಳು ಸಿಕ್ಕಿತು. ಅದು ಲಾವೊಕೊನ್‌ನದೇ ಎಂದು ಒಪ್ಪಿ ಜೋಡಿಸಲು ವ್ಯಾಟಿಕನ್‌ಗೆ ಸುಮಾರು ಅರ್ಧ ಶತಮಾನ ಹಿಡಿಯಿತು. ಈಗ ಅವನು ಪ್ರತಿಭಟಿಸುವವನಲ್ಲ, ಸೋಲುತ್ತಿರುವವನು. ಇಡೀ ಗುಂಪಿನ ಓಟವೇ ಬದಲಾಗಿದೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಮತ ಮೇಷ್ಟ್ರ ಕಡೆಗೆ.

ಲೆಕ್ಕದ_ಮೇಷ್ಟ್ರು:
ಈ ಚರ್ಚೆಯಲ್ಲಿ ನನಗೆ ಸಿಕ್ಕ ಮೊದಲ ಅಂಕ. ತುಂಗಾತೀರ ಅವರು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು.

ತುಂಗಾತೀರ:
ಹಾಕುತ್ತೇನೆ. ಲಾವೊಕೊನ್‌ಗೆ ಅವನದೇ ತೋಳು ಸಿಕ್ಕಿತು, ಆದ್ದರಿಂದ ಹಳೆಯದನ್ನು ತೆಗೆದರು. ಟೌನ್ಲಿಯ ಚಕ್ರ ಎಸೆಯುವವನ ಸ್ವಂತ ತಲೆ ಇನ್ನೂ ಸಿಕ್ಕಿಲ್ಲ. ಇರುವುದನ್ನು ತೆಗೆದು ಅಲ್ಲಿ ಏನು ಕೂರಿಸುತ್ತೀರಿ?